ಇಪ್ಪತ್ತೊಂದು ಚೀಲ ಮೀನುಮರಿ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಬಾಗಿಲು ತೆರೆದರೆ ಎದುರಿಗೆ ಕೆರೆ. ಪುಣೆಯ ಹತ್ತಿರದ ಸಾಸವಡದಿಂದ ಸೈಕಲ್ಲಿನ ಮೇಲೆ ಅರ್ಧ ತಾಸಿನ ದಾರಿ. ಅಪ್ಪ ಆ ಕೆರೆಯ ಕಾವಲುಗಾರ. ಕೆರೆಯ ಮೀನು ಮೀನುಗಾರರ ಸಂಘದ್ದು. ದಂಡೆಯ ಮೇಲಿನ ಹಂಚಿನ ಕೋಣೆಯೂ ಸಂಘದ್ದೇ. ಅಪ್ಪನಿಗೆ ಆ ಕೆಲಸ ಇರುವ ತನಕ ಮಾತ್ರ ಅದು ನಮ್ಮ ಮನೆ.

ಅದಕ್ಕೂ ಮೊದಲು ನಮಗೆ ಮನೆ ಇರಲಿಲ್ಲ. ವಿಜಾಪುರದ ಕಡೆಯಿಂದ ಕೂಲಿ ಹುಡುಕಿಕೊಂಡು ಪುಣೆಗೆ ಬಂದವರು ನಾವು. ರಸ್ತೆ ಕೆಲಸ ಎಲ್ಲಿ ನಡೆದರೆ ಅಲ್ಲಿ ನಮ್ಮ ಗೋಣಿತಟ್ಟಿನ ಗುಡಿಸಲು. ರಸ್ತೆ ಮುಂದೆ ಸಾಗಿದ ಹಾಗೆ ನಾವೂ ಮುಂದೆ ಸಾಗುತ್ತಿದ್ದೆವು. ಕೆರೆಗೆ ಬಂದ ಮೇಲೆಯೇ ಅಕ್ಕ ಮತ್ತು ನಾನು ಶಾಲೆ ಬದಲಿಸದೆ ವರ್ಷವಿಡೀ ಓದಿದ್ದು. ನಾನು ಹೇಳುವ ವರ್ಷ ಅಕ್ಕ ಎಂಟನೇ ಇಯತ್ತೆ, ಅಂದರೆ ಎಂಟನೇ ತರಗತಿ. ದಿನಾ ಎಸ್‌ಟಿ ಬಸ್ಸಿನಲ್ಲಿ ಸಾಸವಡಕ್ಕೆ ಹೋಗಿ ಬರುತ್ತಿದ್ದಳು. ಅವಳಿಗೆ ನರ್ಸಬಾಯಿ ಆಗಬೇಕಿತ್ತು. ಬಿಳಿ ಸೀರೆಯನ್ನು ಹೇಗೆ ಉಡಬೇಕು ಎಂದು ಅಪ್ಪನ ಹಳೆಯ ಧೋತರದ ತುಂಡನ್ನು ಸುತ್ತಿಕೊಂಡು ನನಗೆ ತೋರಿಸುತ್ತಿದ್ದಳು.

ನನಗೆ ಮಾತ್ರ ಒಂದೇ ಹುಚ್ಚು. ಬರೆದಿಡುವುದು. ನನ್ನ ಹತ್ತಿರ ಒಂದು ವಹಿ ಇತ್ತು. ಅದರಲ್ಲಿ ದಿನ, ತಿಥಿ, ಕೆರೆಯ ನೀರು ಎಷ್ಟನೇ ಮೆಟ್ಟಿಲಿಗೆ ಬಂದಿದೆ, ಬೆಳ್ಳಕ್ಕಿ ಎಷ್ಟು, ನೀರುಕಾಗೆ ಎಷ್ಟು, ಬಲೆಗೆ ಬಿದ್ದ ಮೀನು ಎಷ್ಟು ಎಲ್ಲ ಬರೆಯುತ್ತಿದ್ದೆ. ನಾಲ್ಕು ನಿಂತ ಗೆರೆ, ಐದನೆಯದು ಅಡ್ಡ ಗೆರೆ. ಅಕ್ಕ ನನ್ನನ್ನು ‘ಕಾರಕೂನಬಾಯಿ’ ಎಂದು ಕರೆಯುತ್ತಿದ್ದಳು. ‘ಕಾರಕೂನಬಾಯಿ, ಇವತ್ತ ನಾ ಎಷ್ಟು ರೊಟ್ಟಿ ತಿಂದ್ನಿ, ಬರ್ಕೊಂಡಿಯೇನ? ನಾಳೆ ಅವ್ವ ಕೇಳ್ತಾಳ’ ಎಂದು ಕಾಡುತ್ತಿದ್ದಳು. ನಾನು ನಿಜಕ್ಕೂ ಬರೆದುಕೊಂಡಿರುತ್ತಿದ್ದೆ.

ಆ ಕೆರೆಯ ಕಟ್ಲಾ ಮತ್ತು ರೋಹು ಮೀನಿನ ಬಗ್ಗೆ ನಿಮಗೆ ಒಂದು ಮಾತು ಹೇಳಬೇಕು. ಅವು ಹರಿಯುವ ಹೊಳೆಯಲ್ಲಿ ಮೊಟ್ಟೆ ಇಡುವ ಮೀನು. ನಿಂತ ಕೆರೆಯಲ್ಲಿ ಹೊಟ್ಟೆತುಂಬ ತಿಂದು ದಪ್ಪಗೆ ಬೆಳೆಯುತ್ತವೆ, ಆದರೆ ಮರಿ ಮಾಡುವುದಿಲ್ಲ. ಹಾಗಾಗಿ ಪ್ರತಿ ವರ್ಷ ದೂರದ ಮೀನುಮರಿ ಕೇಂದ್ರದಿಂದ ಬೆರಳುದ್ದದ ಮರಿಗಳನ್ನು ತರಿಸಿ ಬಿಡಬೇಕು. ಒಂದು ವರ್ಷ ಬಿಡದಿದ್ದರೆ ಮುಂದಿನ ವರ್ಷ ಬಲೆಗೆ ಬೀಳುವುದು ಬರೀ ಪಾಚಿ.

ಮರಿಗಳು ಬರುತ್ತಿದ್ದದ್ದು ದೊಡ್ಡ ಪ್ಲಾಸ್ಟಿಕ್ ಚೀಲಗಳಲ್ಲಿ. ಕೆಳಗೆ ಸ್ವಲ್ಪ ನೀರು, ಮೇಲೆಲ್ಲ ಆಕ್ಸಿಜನ್ ಗಾಳಿ. ದಾರಿಯಲ್ಲಿ ಬಿಸಿಯಾಗಬಾರದು ಎಂದು ಸುತ್ತ ಒದ್ದೆ ಗೋಣಿಚೀಲ, ಗೋಣಿಯ ನಡುವೆ ಬರ್ಫು. ಚೀಲ ಬಂದ ಕೂಡಲೇ ಬಾಯಿ ಬಿಚ್ಚಿ ಸುರಿಯುವ ಹಾಗಿಲ್ಲ. ಬಾಯಿ ಕಟ್ಟಿದಂತೆಯೇ ಕೆರೆಯಲ್ಲಿ ತೇಲಿಬಿಡಬೇಕು. ಒಳಗಿನ ನೀರು ಮತ್ತು ಹೊರಗಿನ ನೀರು ಒಂದೇ ಹದಕ್ಕೆ ಬರಬೇಕು. ಆಮೇಲೆ ಅಪ್ಪ ಬಾಯಿ ಬಿಚ್ಚಿ ಒಂದು ಕೈಯನ್ನು ಚೀಲದೊಳಗೆ, ಇನ್ನೊಂದು ಕೈಯನ್ನು ಕೆರೆಯಲ್ಲಿ ಇಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಎರಡೂ ಕೈಗೆ ಒಂದೇ ಅನ್ನಿಸಿದಾಗ ಚೀಲ ವಾಲಿಸುತ್ತಿದ್ದ. ಮರಿಗಳು ತಾವಾಗಿಯೇ ಈಜಿಕೊಂಡು ಹೊರಗೆ ಹೋಗುತ್ತಿದ್ದವು. ಈ ಕೆಲಸವನ್ನು ಅವನು ಅಕ್ಕನಿಗೆ ಮಾತ್ರ ಕಲಿಸಿದ್ದ. ‘ಇಕಿ ಕೈ ನನ್ನ ಕೈಗಿಂತ ಛಲೋ ಅದ’ ಎಂದು ಸಂಘದವರ ಮುಂದೆ ಹೇಳಿಕೊಳ್ಳುತ್ತಿದ್ದ.

ಅದು ನಮ್ಮ ಮೂರನೆಯ ವರ್ಷ. ಸಂಘದ ಸಾಹೇಬರು ಮೊದಲೇ ಹೇಳಿದ್ದರು, ಈ ಸಲದ ಮರಿ ಚೆನ್ನಾಗಿ ಬದುಕಿಕೊಂಡರೆ ಅಪ್ಪನ ಕೆಲಸ ಖಾಯಂ. ಇಲ್ಲದಿದ್ದರೆ ಬೇರೆ ಕಾವಲುಗಾರ ಬರುತ್ತಾನೆ. ಅವ್ವ ಒಲೆಯ ಮುಂದೆ ಕೂತು ಅದನ್ನು ಎಷ್ಟು ಸಲ ಹೇಳಿದಳೋ. ಕೆಲಸ ಹೋದರೆ ಕೋಣೆ ಹೋಗುತ್ತದೆ, ಕೋಣೆ ಹೋದರೆ ಮತ್ತೆ ರಸ್ತೆ. ರಸ್ತೆಯ ಮೇಲೆ ಎಂಟನೇ ಇಯತ್ತೆ ಇರಲಿಲ್ಲ.

ವಹಿಯಲ್ಲಿ ಹೀಗಿದೆ: ಭಾದ್ರಪದ, ರವಿವಾರ, ಮಳೆ ನಿಂತು ಒಂಬತ್ತನೇ ದಿನ, ನೀರು ಹನ್ನೊಂದನೇ ಮೆಟ್ಟಿಲು.

ಲಾರಿ ಬೆಳಿಗ್ಗೆ ಬರಬೇಕಿತ್ತು. ಬಿಸಿಲು ಏರಿದರೂ ಬರಲಿಲ್ಲ. ಅವ್ವ ಆಚೆಯ ಹೊಲಕ್ಕೆ ಉಳ್ಳಾಗಡ್ಡಿ ಕಳೆ ತೆಗೆಯಲು ಹೋಗಿದ್ದಳು. ಅಪ್ಪ ದಂಡೆಯ ಮೇಲೆ ಅತ್ತಿಂದಿತ್ತ ನಡೆದು ಸಾಕಾಗಿ, ಸಾಸವಡದಿಂದ ಫೋನು ಮಾಡಿ ಕೇಳಿಬರುತ್ತೇನೆ ಎಂದು ಸೈಕಲ್ ಏರಿದ. ಹೋಗುವಾಗ ಕೈಗಡಿಯಾರ ಬಿಚ್ಚಿ ನನಗೆ ಕೊಟ್ಟ. ‘ಲಾರಿ ಬಂದ್ರ ಎಷ್ಟೊತ್ತಿಗಿ ಬಂತು ಬರ್ಕೋ. ಉಳದದ್ದು ಅಕ್ಕ ನೋಡ್ಕೋತಾಳ’ ಎಂದ. ಅವನು ಸಾಸವಡದ ದಾರಿಯಲ್ಲಿ ಮರೆಯಾದ. ಲಾರಿ ಹಿಂದಿನ ಮಣ್ಣಿನ ದಾರಿಯಿಂದ ಬಂತು.

ಘಾಟಿನಲ್ಲಿ ಎರಡು ಸಲ ಟಯರು ಪಂಕ್ಚರ್ ಆಗಿತ್ತಂತೆ. ಮರಿಗಳಿಗೆ ಬಿಸಿಲು ತಾಗಬಾರದೆಂದು ಡ್ರೈವರ್ ದಾರಿಯಲ್ಲಿ ಇನ್ನಷ್ಟು ಬರ್ಫು ಕೊಂಡು ತುಂಬಿದ್ದ. ಒಳ್ಳೆಯದಕ್ಕೇ ಮಾಡಿದ್ದ. ಲಾರಿಯ ಹಿಂದೆ ನಿಂತರೆ ಒದ್ದೆ ಗೋಣಿಯ ವಾಸನೆ, ಕಾಲಿನ ಮೇಲೆ ತೊಟ್ಟಿಕ್ಕುವ ತಣ್ಣನೆಯ ನೀರು. ಬರ್ಫಿನ ಒಂದು ಚೂರನ್ನು ಎತ್ತಿ ಬಾಯಿಗೆ ಹಾಕಿಕೊಂಡೆ. ಮೇಲೆ ಮೆತ್ತಿದ್ದ ಮರದ ಹೊಟ್ಟಿನ ರುಚಿ ಇತ್ತು. ಅಕ್ಕ ನನ್ನ ಲಂಗದ ಹಿಂಭಾಗ ಹಿಡಿದು ಎಳೆದಳು. ‘ಮೀನಿನ ಬರ್ಫು ತಿಂತಿಯೇನ! ಹೊಟ್ಯಾಗ ಮರಿ ಆಗ್ತಾವು ನೋಡು’ ಎಂದು ನಕ್ಕಳು. ಆ ದಿನ ಅವಳು ನಕ್ಕದ್ದು ಅದೊಂದೇ ಸಲ.

ಇಪ್ಪತ್ನಾಲ್ಕು ಚೀಲ. ಡ್ರೈವರ್ ಇಳಿಸಿಕೊಟ್ಟ, ಅಕ್ಕ ಸೊಂಟದ ತನಕ ನೀರಿಗಿಳಿದು ಒಂದೊಂದನ್ನೇ ತೇಲಿಬಿಟ್ಟಳು. ಒಂಬತ್ತು ದಿನದ ಬಿಸಿಲಿಗೆ ಮೇಲಿನ ನೀರು ಬೆಚ್ಚಗಾಗಿತ್ತು. ಚೀಲಗಳು ಒಂದಕ್ಕೊಂದು ತಾಗಿ ಕಿರ್ ಕಿರ್ ಎನ್ನುತ್ತಿದ್ದವು. ಒಳಗೆ ಮರಿಗಳು ಸೂಜಿಗಳ ಹಾಗೆ ಹೊಳೆಯುತ್ತಿದ್ದವು. ನಾನು ಮೆಟ್ಟಿಲ ಮೇಲೆ ಕೂತು, ಗಡಿಯಾರವನ್ನು ತೊಡೆಯ ಮೇಲೆ ಇಟ್ಟುಕೊಂಡು, ವಹಿ ತೆರೆದೆ.

ಅರ್ಧ ತಾಸು ಆದಾಗ ಕೂಗಿದೆ. ಅಕ್ಕ ಒಂದು ಚೀಲ ಬಿಚ್ಚಿ ಕೈ ಇಳಿಬಿಟ್ಟಳು. ಇನ್ನೊಂದು ಕೈ ಕೆರೆಯಲ್ಲಿ. ಅಪ್ಪನ ಹಾಗೆಯೇ ಕಣ್ಣು ಮುಚ್ಚಿದಳು.

‘ಇನ್ನಾ ಭಾಳ ಥಂಡ ಅದ’ ಎಂದಳು.

‘ಅರ್ಧಾ ತಾಸು ಆತಲ್ಲಾ.’

‘ಆಗ್ಲಿ ಬಿಡು. ಇನ್ನೊಂದ ಸ್ವಲ್ಪ.’

ದಂಡೆಯ ಮೇಲಿನಿಂದ ಡ್ರೈವರ್, ‘ಲವಕರ ಕರಾ, ಲವಕರ!’ ಎಂದು ಮರಾಠಿಯಲ್ಲಿ ಅವಸರ ಮಾಡಿದ. ಮರಿಗಳು ಚೀಲದಲ್ಲಿ ಬಹಳ ಹೊತ್ತಾಯಿತು, ಗಾಳಿ ಸಾಲದೆ ಸಾಯುತ್ತವೆ ಎಂದ. ಅಕ್ಕ ಒಮ್ಮೆ ಅವನನ್ನು ನೋಡಿದಳು, ಒಮ್ಮೆ ಸಾಸವಡದ ದಾರಿ ನೋಡಿದಳು. ಆಗ ನಾನು ವಹಿಯ ಹಿಂದಿನ ಹಾಳೆ ತಿರುವಿ, ಎತ್ತಿ ಹಿಡಿದು ತೋರಿಸಿದೆ.

‘ಇಲ್ಲಿ ನೋಡು. ಹ್ವಾದ ವರ್ಷ ಅರ್ಧಾ ತಾಸು. ಅದರ ಹಿಂದಿನ ವರ್ಷನೂ ಅರ್ಧಾ ತಾಸು. ಎರಡೂ ಸಲ ಅಪ್ಪ ಅಷ್ಟಕ್ಕ ಬಿಟ್ಟಾನ. ನಾ ಬರದೀನಿ.’

ನನ್ನ ಗೆರೆಗಳ ಬಗ್ಗೆ ನನಗೆ ಅಷ್ಟು ಜಂಬ ಇತ್ತು. ಆ ವರ್ಷಗಳಲ್ಲಿ ಬರ್ಫು ಕಡಿಮೆ ಇತ್ತು, ಬಿಸಿಲು ಕಡಿಮೆ ಇತ್ತು. ಅದನ್ನು ನಾನು ಬರೆದಿರಲಿಲ್ಲ. ಅಕ್ಕ ಚೀಲದಿಂದ ಕೈ ತೆಗೆದು ಅದನ್ನೇ ನೋಡಿದಳು, ಅದು ಯಾರದೋ ಕೈ ಎನ್ನುವ ಹಾಗೆ. ‘ಬರದೀದೀ ಅಂದ್ರ ಖರೇನ ಇರಬೇಕು’ ಎಂದು ಮೊದಲ ಚೀಲ ವಾಲಿಸಿದಳು.

ಮರಿಗಳು ಹೊರಗೆ ಹೋದವು. ನಾನು ಗೆರೆ ಎಳೆದೆ. ಒಂದು, ಎರಡು, ಮೂರು, ನಾಲ್ಕು, ಅಡ್ಡ ಗೆರೆ. ಡ್ರೈವರ್ ಕೂಡ ಪ್ಯಾಂಟು ಮಡಚಿ ನೀರಿಗಿಳಿದು ಬಿಚ್ಚತೊಡಗಿದ. ಎಲ್ಲ ಬೇಗ ಬೇಗ ಆಯಿತು. ಇಪ್ಪತ್ತೊಂದನೆಯ ಗೆರೆ ಎಳೆಯುವಾಗ ನೀರಿನ ಮೇಲೆ ಏನೋ ಮಿನುಗಿತು. ಮೊದಲು ನನಗೆ ಚೆಂದ ಕಂಡಿತು. ಆಮೇಲೆ ನೋಡಿದರೆ ಮರಿಗಳು ಒಂದೇ ಕಡೆ ಗಿರಗಿರ ಸುತ್ತುತ್ತಿದ್ದವು. ಸುತ್ತಿ ಸುತ್ತಿ ಮಗುಚಿಕೊಳ್ಳುತ್ತಿದ್ದವು. ಬಿಳಿ ಹೊಟ್ಟೆ ಮೇಲೆ ಮಾಡಿಕೊಂಡು ಅಕ್ಕನ ಸೊಂಟದ ಸುತ್ತ ತೇಲುತ್ತಿದ್ದವು.

ಅಕ್ಕ ಬೊಗಸೆಯಲ್ಲಿ ಅವನ್ನು ಎತ್ತಿ ನೇರ ಮಾಡಿ ಮಾಡಿ ಮತ್ತೆ ಬಿಟ್ಟಳು. ಅವು ಮತ್ತೆ ಮಗುಚಿದವು. ಅವಳು ಕೂಗಲಿಲ್ಲ, ಅಳಲಿಲ್ಲ. ‘ಈಜು, ಈಜು’ ಎನ್ನುತ್ತಿದ್ದಳು, ಸಣ್ಣ ಮಕ್ಕಳಿಗೆ ಹೇಳಿದ ಹಾಗೆ.

ಅಪ್ಪ ಬಂದಾಗ ದಂಡೆಯ ಅಂಚೆಲ್ಲ ಬೆಳ್ಳಗಾಗಿತ್ತು. ಸೈಕಲ್ಲನ್ನು ನಿಲ್ಲಿಸಲೂ ಇಲ್ಲ, ಅದು ಬಿದ್ದ ಸದ್ದು ಕೇಳಿತು. ಚಪ್ಪಲಿಯಲ್ಲೇ ನೀರಿಗಿಳಿದು ಉಳಿದಿದ್ದ ಮೂರು ಚೀಲದ ಪೈಕಿ ಒಂದಕ್ಕೆ ಕೈ ಹಾಕಿದ. ತಟ್ಟನೆ ಹಿಂದೆ ತೆಗೆದ.

‘ಯಾರು ಬಿಡಾಕ ಹೇಳಿದ್ರು?’

ಗಡಿಯಾರ ನನ್ನ ಕೈಯಲ್ಲಿತ್ತು. ವಹಿ ತೊಡೆಯ ಮೇಲೆ ತೆರೆದೇ ಇತ್ತು. ನಾನು ಅದನ್ನು ಮುಚ್ಚಿದೆ. ಡ್ರೈವರಿಗೆ ನಮ್ಮ ಕನ್ನಡ ತಿಳಿಯದು.

‘ನಾನ ಅವಸರ ಮಾಡಿದ್ನಿ, ಅಪ್ಪಾ’ ಎಂದಳು ಅಕ್ಕ.

‘ಕೈ ಹಾಕಿ ನೋಡಲಿಲ್ಲೇನ?’

ಅಕ್ಕ ನನ್ನ ಕಡೆ ನೋಡಲೇ ಇಲ್ಲ. ‘ಇಲ್ಲ’ ಎಂದಳು.

ಅಪ್ಪ ಹೊಡೆಯಲಿಲ್ಲ. ಹೊಡೆದಿದ್ದರೆ ಬಹುಶಃ ನಾನು ಹೇಳಿಬಿಡುತ್ತಿದ್ದೆ. ಅವನು ಆ ಮೂರು ಚೀಲಗಳನ್ನು ಎದೆಗೆ ಒತ್ತಿಕೊಂಡು ನೀರಿನಲ್ಲೇ ನಿಂತ. ಕೆರೆಯ ನೀರನ್ನು ಬೊಗಸೆ ಬೊಗಸೆಯಾಗಿ ಚೀಲಕ್ಕೆ ಸೇರಿಸುತ್ತ, ಕೈಯಾಡಿಸುತ್ತ, ಬಿಸಿಲು ಇಳಿಯುವ ತನಕ ನಿಂತ. ಅಕ್ಕ ಒಂದು ಚೀಲ ಹಿಡಿಯಲು ಹೋದಳು. ‘ನೀ ಬ್ಯಾಡ’ ಎಂದ. ಎರಡೇ ಮಾತು. ಆಮೇಲೆ ಎಂದೂ ಅವನು ಅಕ್ಕನ ಕೈಯನ್ನು ಹೊಗಳಲಿಲ್ಲ. ಆ ಮೂರು ಚೀಲದ ಮರಿಗಳು ಮಾತ್ರ ಬಾಣದ ಹಾಗೆ ಆಳಕ್ಕೆ ಹೋದವು.

ಸಂಜೆ ಅಕ್ಕ ಮತ್ತು ನಾನು ಸತ್ತ ಮರಿಗಳನ್ನು ಬುಟ್ಟಿಯಲ್ಲಿ ಗೋರಿ ತೆಗೆದೆವು. ನಾನು ಎಣಿಸುತ್ತಿದ್ದೆ. ಎಣಿಸದೆ ಇರಲು ನನಗೆ ಬರುತ್ತಿರಲಿಲ್ಲ. ಸಾವಿರದ ಮುನ್ನೂರಕ್ಕೆ ಬಂದಾಗ ಅಕ್ಕ, ‘ಸಾಕು ಬಿಡು, ಸಣ್ಣಾಕಿ’ ಎಂದಳು. ಬುಟ್ಟಿಯಲ್ಲಿ ಇನ್ನೂ ಅಷ್ಟೇ ಇದ್ದವು. ಮಲಗುವ ಮೊದಲು ಅವಳ ಕಿವಿಯಲ್ಲಿ, ‘ನಾಳೆ ಅಪ್ಪಗ ನಾ ಹೇಳ್ತೀನಿ’ ಎಂದೆ. ‘ಹೇಳಿದ್ರ ಮೀನ ಎದ್ದು ಈಜ್ತಾವೇನ? ಒಬ್ಬರಿಗಿ ಬೈದದ್ದು ಸಾಕು’ ಎಂದು ನನ್ನ ಮೇಲೆ ಕೌದಿ ಎಳೆದಳು. ಆ ಮಾತನ್ನು ನಾನು ಅಪ್ಪಣೆ ಎಂದುಕೊಂಡೆ. ಅಂದುಕೊಳ್ಳುವುದು ಸುಲಭವಾಗಿತ್ತು.

ದೀಪಾವಳಿಗೆ ಮೊದಲೇ ಹೊಸ ಕಾವಲುಗಾರ ಬಂದ. ಅಪ್ಪನಿಗೆ ರಾಂಜಣಗಾಂವದ ಕಡೆ ಕಲ್ಲು ಒಡೆಯುವ ಕೆಲಸ ಸಿಕ್ಕಿತು. ಪುಣೆಯ ಶಿವಾಜಿನಗರದಲ್ಲಿದ್ದ ಚಿಗವ್ವ, ಅವ್ವನ ತಂಗಿ, ನಮ್ಮಲ್ಲಿ ಒಬ್ಬಳನ್ನು ಮನೆಯಲ್ಲಿ ಇಟ್ಟುಕೊಂಡು ಶಾಲೆಗೆ ಕಳಿಸುತ್ತೇನೆ ಎಂದಳು. ಅವಳ ಮನೆಯೂ ಒಂದೇ ಕೋಣೆ, ಇಬ್ಬರಿಗೆ ಜಾಗವಿರಲಿಲ್ಲ. ಅವ್ವ ಅಕ್ಕನ ಮುಖ ನೋಡಿದಳು, ಎಂಟನೇ ಇಯತ್ತೆಯವಳು ಅವಳೇ ಅಲ್ಲವೇ. ಅಪ್ಪ ನೆಲ ನೋಡುತ್ತ ಕೂತಿದ್ದ. ಅಕ್ಕ ತಾನಾಗಿ ಹೇಳಿದಳು, ‘ಸಣ್ಣಾಕಿನ ಕಳಸ್ರಿ. ಆಕಿಗಿ ಬರಿಯೂದಂದ್ರ ಭಾಳ ಜೀವ.’

ಆಗಲೂ ನಾನು ಹೇಳಬಹುದಿತ್ತು. ಗಂಟು ಕಟ್ಟುವ ತನಕ, ಎಸ್‌ಟಿ ಬರುವ ತನಕ, ಬಸ್ಸಿನ ಕಿಟಕಿಯಲ್ಲಿ ಕೂತ ಮೇಲೂ ಹೊತ್ತಿತ್ತು. ಹೇಳಿದ್ದರೆ ಚಿಗವ್ವನ ಮನೆಗೆ ಅಕ್ಕ ಹೋಗುತ್ತಿದ್ದಳೇನೋ. ಅದು ಗೊತ್ತಿದ್ದೇ ನಾನು ಸುಮ್ಮನೆ ಕೂತೆ. ಇದನ್ನು ಇಲ್ಲಿಯ ತನಕ ಯಾರಿಗೂ ಹೇಳಿಲ್ಲ, ನಿಮ್ಮ ಅಜ್ಜನಿಗೂ.

ನಾನು ಓದಿದೆ, ಮಾಸ್ತರೀಣಬಾಯಿ ಆದೆ. ಅಕ್ಕ ಕಲ್ಲು ಹೊತ್ತಳು. ಮದುವೆಯಾಗಿ ಎರಡು ಮಕ್ಕಳನ್ನು ಸಾಕಿದಳು. ನಮ್ಮ ಮನೆಗೆ ಬಂದಾಗಲೆಲ್ಲ ನನ್ನ ಪುಸ್ತಕದ ಕಪಾಟಿನ ಧೂಳು ಒರೆಸಿ ಹೋಗುತ್ತಿದ್ದಳು. ಅಪ್ಪ ತೀರಿಕೊಂಡ ದಿನವೂ ನಾನು ಅವನಿಗೆ ಹೇಳಿರಲಿಲ್ಲ. ಹೋದ ಶ್ರಾವಣದಲ್ಲಿ ಅಕ್ಕನೂ ಹೋದಳು. ಯಾರಿಗೆ ಹೇಳಬೇಕಿತ್ತೋ ಅವರು ಯಾರೂ ಈಗ ಉಳಿದಿಲ್ಲ.

ನೀವಿಬ್ಬರೂ ಒಂದೇ ಶಾಲೆಗೆ ಒಂದೇ ಬಸ್ಸಿನಲ್ಲಿ ಹೋಗುತ್ತೀರಿ. ಯಾರನ್ನು ಕಳಿಸುವುದು, ಯಾರನ್ನು ಬಿಡುವುದು ಎಂದು ನಿಮ್ಮ ಅಪ್ಪ ಅಮ್ಮ ಒಂದು ದಿನವೂ ಕೂತು ಯೋಚಿಸಬೇಕಾಗಿ ಬಂದಿಲ್ಲ. ಒಂದು ತಪ್ಪಿಗೆ ಮನೆಯೇ ಹೋಗುತ್ತದೆ ಎಂಬ ಹೆದರಿಕೆ ನಿಮಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಹೋದ ವಾರ ಟಿವಿಯ ಗಾಜು ಒಡೆದಾಗ ನೀವು, ‘ಇವಳೇ’, ‘ಇವನೇ’ ಎಂದು ಕೆಳಗಿನ ಮನೆಯವರಿಗೆ ಕೇಳುವ ಹಾಗೆ ಜಗಳವಾಡಿದಿರಿ. ಬಿಡಿಸಿ ಎಂದು ನಿಮ್ಮ ಅಮ್ಮ ನನ್ನ ಕಡೆ ನೋಡಿದಳು. ನಾನು ಏಳಲಿಲ್ಲ. ಸ್ವಲ್ಪ ಹೊತ್ತಿಗೆ ನಿಮ್ಮಲ್ಲಿ ಸಣ್ಣವನು ಬಿಕ್ಕುತ್ತ, ‘ನಾನೇ, ಚೆಂಡು ನಾನೇ ಎಸೆದಿದ್ದು’ ಎಂದ. ನಾಲ್ಕು ಬೈಗುಳ ಬಿದ್ದವು, ಮುಗಿಯಿತು. ಊಟಕ್ಕೆ ಅವನು ಮೂಗು ಒರೆಸಿಕೊಳ್ಳುತ್ತ ತನ್ನ ಅಕ್ಕನ ಪಕ್ಕದಲ್ಲೇ ಬಂದು ಕೂತ. ಅವಳು ಮುಖ ಊದಿಸಿಕೊಂಡೇ ತನ್ನ ಹಪ್ಪಳ ಮುರಿದು ಅರ್ಧ ಅವನ ತಟ್ಟೆಗೆ ಹಾಕಿದಳು.

ನಾನು ಹೇಳಿದ್ದರೆ ನನ್ನ ಅಕ್ಕನೂ ಹಾಗೆಯೇ ತನ್ನ ಪಾಲಿನಲ್ಲಿ ಅರ್ಧ ನನ್ನ ತಟ್ಟೆಗೆ ಹಾಕುತ್ತಿದ್ದಳು. ಅದು ನನಗೆ ಆಗಲೂ ಗೊತ್ತಿತ್ತು.