ಅಣಬೆಯ ಕರೆಂಟು

ಎಂಬತ್ತರ ದಶಕದ ಕೊನೆ. ಕೊಯಮತ್ತೂರಿನ ಕಾಲೇಜು ಲ್ಯಾಬಿನಲ್ಲಿ ನಾನು ಅಣಬೆಯ ಬಣ್ಣ ಬಳಸಿ ಬಿಸಿಲಿನಿಂದ ಕರೆಂಟು ತೆಗೆಯಲು ಹೆಣಗುತ್ತಿದ್ದೆ. ನನ್ನ ಪ್ರೊಫೆಸರು ಮೂಗು ಮುರಿಯುತ್ತಿದ್ದರು. ಒಳ್ಳೆಯ ಕೆಂಪು ಅಣಬೆ ಸಿಕ್ಕಿದ್ದು ಹತ್ತಿರದ ಅವಿನಾಶಿ ಊರಿನ ಒಂದು ಪವರ್‌ಲೂಮ್ ಮನೆಯ ಹಿತ್ತಲಲ್ಲಿ, ಕೊಳೆತ ಮಾವಿನ ದಿಮ್ಮಿಯ ಮೇಲೆ. ಎರಡನೇ ಸಲ ಹೋದಾಗ ಮನೆಯೊಡತಿ ಅದೇ ದಿಮ್ಮಿಯನ್ನು ಒಲೆಗೆಂದು ಸೀಳಲು ಕೊಡಲಿ ಎತ್ತಿದ್ದರು.

"ಬೇಡಮ್ಮ, ಆ ಅಣಬೆ ನನಗೆ ಬೇಕು!" ಎಂದು ಕೂಗಿದೆ.

"ಈ ಕಾಳಾನ್ ತಿಂದ್ರೆ ಸತ್ತೋಗ್ತೀಯ, ತಂಬಿ," ಎಂದರು, ನಮ್ಮ ಮನೆಯಲ್ಲೂ ಆಡುವ ತಮಿಳು ಬೆರೆತ ಕನ್ನಡದಲ್ಲಿ.

ಬಾಯಿಮಾತಿಗೆ ಅವರು ಜಗ್ಗಲಿಲ್ಲ. ಹೋದ ಸಲದ ಅಣಬೆಯ ಬಣ್ಣ ಹಚ್ಚಿದ್ದ ಗಾಜನ್ನು ಚೀಲದಿಂದ ತೆಗೆದು ಮೀಟರಿಗೆ ಜೋಡಿಸಿ ಬಿಸಿಲಿಗಿಟ್ಟೆ. ಮುಳ್ಳು ತುಸು ಏರಿತು. ಅವರು ಕೈ ಅಡ್ಡ ಹಿಡಿದರು, ಇಳಿಯಿತು. ಕೈ ತೆಗೆದರು, ಮತ್ತೆ ಏರಿತು. ಒಳಗೆ ಕರೆಂಟಿಲ್ಲದೆ ಬೆಳಗಿನಿಂದ ಮಗ್ಗ ನಿಂತೇ ಇತ್ತು.

"ಇದ್ರಲ್ಲಿ ಮಗ್ಗ ಓಡುತ್ತಾ?"

"ಸದ್ಯಕ್ಕೆ ಒಂದು ಗಡಿಯಾರವೂ ಓಡಲ್ಲಮ್ಮ. ಮುಂದೆ ಓಡಿದರೂ ರಾತ್ರಿ ಹೊತ್ತು ಇಲ್ಲ."

"ರಾತ್ರಿ ನಾವೂ ಮಲಗ್ಬೇಕಲ್ಲ!" ಎಂದವರು ಕೊಡಲಿಯನ್ನು ಗೋಡೆಗೆ ಒರಗಿಸಿ, ಒಂದು ಚೊಂಬು ನೀರು ತಂದು ದಿಮ್ಮಿಗೆ ಹೊಯ್ದರು.

ನನ್ನ ಸಂಶೋಧನೆಗೆ ಸಿಕ್ಕ ಮೊದಲ ಅನುದಾನ ಅದು.