ಕೌದಿ ಕೋಣೆಯ ಹಸೆ ಹಾಡು

ಮೊನ್ನೆ ರಾಗಿಗುಡ್ಡದ ನಮ್ಮ ಮನೆಯಲ್ಲಿ ಒಂದು ಹಾಡು ರೆಕಾರ್ಡ್ ಮಾಡಬೇಕೆಂದು ಅಟ್ಟದಿಂದ ಹಳೆಯ ಕೌದಿ ಇಳಿಸಿದೆ. ಬರಿ ಗೋಡೆಯ ಕೋಣೆಯಲ್ಲಿ ದನಿ ಬಚ್ಚಲಲ್ಲಿ ಹಾಡಿದ ಹಾಗೆ ಗುಂಯ್ ಅನ್ನುತ್ತದೆ. ಸುತ್ತ ದಪ್ಪ ಬಟ್ಟೆ ತೂಗುಹಾಕಿದರೆ ಸುಮ್ಮನಾಗುತ್ತದೆ. ಕೌದಿ ಕೊಡವಿದ್ದೇ ತಡ, ಲಾವಂಚದ ವಾಸನೆ ಮೂಗಿಗೆ ಬಡಿಯಿತು. ಮೈಕು, ಹಾಡು ಎಲ್ಲ ಮರೆತು ಅಲ್ಲೇ ಕೂತುಬಿಟ್ಟೆ... ಅದು ಅತ್ತೆಯ ಕೌದಿ.

ಸ್ವಂತ ಅತ್ತೆಯಲ್ಲ. ನಾನು ಬೆಳೆದ ಭದ್ರಾವತಿಯ ಕಾಗದನಗರದಲ್ಲಿ ಪಕ್ಕದ ಕ್ವಾರ್ಟರ್ಸಿನವರು. ನಮ್ಮ ಸಾಲಿನಲ್ಲಿ ಯಾರ ಮನೆ ಮದುವೆಯಾದರೂ ಹೆಣ್ಣನ್ನು ಹಸೆಮಣೆಗೆ ಕರೆಯುವ ಹಾಡು ಅವರದ್ದೇ. ಅವರು ಒಂದು ಸೊಲ್ಲು ಹೇಳಿ ನಿಲ್ಲಿಸುವುದು, ಉಳಿದ ಹೆಂಗಸರು ಅದನ್ನು ಎತ್ತಿಕೊಳ್ಳುವುದು. ತಮಿಳು ಮನೆಯವರು, ತೆಲುಗು ಮನೆಯವರೂ ಅರ್ಧಂಬರ್ಧ ಪದ ಕಲಿತು ದನಿಗೂಡಿಸುತ್ತಿದ್ದರು. ನನ್ನನ್ನು ಹಸೆಗೆ ಕರೆದದ್ದೂ ಅವರೇ.

ಮೊಮ್ಮಗಳ ಮದುವೆ ಗೊತ್ತಾದ ಹೊತ್ತಿಗೇ ಅತ್ತೆಯ ಗಂಟಲಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ ಮುಂದೂಡುವ ಹಾಗಿಲ್ಲ, ಆಮೇಲೆ ದನಿ ಉಳಿಯುವುದಿಲ್ಲ ಎಂದರು ಡಾಕ್ಟರು. ಅತ್ತೆ ನನಗೆ ಫೋನ್ ಮಾಡಿದರು.

"ನಿನ್ನ ಮೈಕು ತಗೊಂಡು ಬಾ ಮಾರಾಯ್ತಿ. ದನಿ ಇರೋವಾಗ್ಲೇ ಹಾಡಿಟ್ಟುಬಿಡ್ತೀನಿ. ಆ ಮಗೂನ ಸುಮ್‌ಸುಮ್ನೆ ಹಸೆ ಮೇಲೆ ಕೂರಿಸೋಕಾಗುತ್ತಾ?"

ಊರಿನ ಕಾಗದದ ಕಾರ್ಖಾನೆ ಮುಚ್ಚಿ, ಅದರ ಸದ್ದು ಆಗಲೇ ನಿಂತಿತ್ತು. ಕಾಗದನಗರ ರೆಕಾರ್ಡಿಂಗಿಗೆ ಹೇಳಿ ಮಾಡಿಸಿದಷ್ಟು ನಿಶ್ಶಬ್ದ. ನನಗೆ ಅದೂ ಸಾಲದು. ಫ್ಯಾನು ಆರಿಸಿದೆ, ಫ್ರಿಜ್ಜಿನ ಪ್ಲಗ್ ಕಿತ್ತೆ, ಗೋಡೆ ಗಡಿಯಾರವನ್ನು ಅಡುಗೆಮನೆಗೆ ಸಾಗಿಸಿದೆ. ಮೈಕು ಅದುರದಿರಲೆಂದು ಕೆಳಗೆ ಟವೆಲು ಮಡಿಸಿಟ್ಟೆ. ಮನೆಯಲ್ಲಿದ್ದ ಕೌದಿಗಳೆಲ್ಲ ಹಗ್ಗ ಏರಿದವು. ಮುತ್ತೈದೆಗೆ ಬಳೆ ತೆಗೀರಿ ಎನ್ನಲು ನನಗೆ ಬಾಯಿ ಬರಲಿಲ್ಲ; ಅವರೇ ಅರ್ಥಮಾಡಿಕೊಂಡು ಬಳೆಯ ಮೇಲೆ ಕರ್ಚೀಫು ಸುತ್ತಿಕೊಂಡರು. "ಬಾಣಂತಿ ಕೋಣೆ ಮಾಡಿಟ್ಯಲ್ಲೇ!" ಎಂದು ನಕ್ಕರು.

ಹಾಡು ಮಾತ್ರ ಹೊರಡಲಿಲ್ಲ. "ಹಸೆ ಮೇಲೆ ಯಾರೂ ಇಲ್ಲ, ಯಾರನ್ನ ಅಂತ ಕರೀಲಿ?" ಅಂದರು. ಮಣೆ ಹಾಕಿ ನಾನೇ ಕೂತೆ. ಆಗ ದನಿ ಎದ್ದಿತು. ಮೊದಲ ಸೊಲ್ಲು ಮುಗಿಸಿ ನನ್ನ ಮುಖ ನೋಡಿದರು. ನನ್ನ ದನಿ ಸೇರಬಾರದೆಂದು ತುಟಿಯ ಮೇಲೆ ಬೆರಳಿಟ್ಟುಕೊಂಡೆ. ಅವರಿಗೆ ಸಿಟ್ಟೇ ಬಂತು.

"ಎತ್ತಿಕೊಳ್ಳೋರಿಲ್ದೆ ಅದೆಂಥ ಹಾಡೇ?"

"ಮದುವೆ ಮನೇಲಿ ಎಲ್ರೂ ಇರ್ತಾರಲ್ಲ ಅತ್ತೆ," ಎಂದೆ. ಅವರು ಮತ್ತೆ ಮೊದಲಿಂದ ಶುರು ಮಾಡಿ, ಪ್ರತಿ ಸೊಲ್ಲಿನ ಕೊನೆಗೂ ಆ ಹೆಂಗಸರೆಲ್ಲ ಎದುರಿಗೇ ಕೂತಿರುವ ಹಾಗೆ ಕಾದರು.

ಮದುವೆಯ ದಿನ ಅತ್ತೆ ಕುತ್ತಿಗೆಗೆ ಸೆರಗು ಸುತ್ತಿಕೊಂಡು ಮುಂದೆಯೇ ಕೂತಿದ್ದರು. ಸ್ಪೀಕರಿನಲ್ಲಿ ಅವರ ದನಿ ಎದ್ದಿತು, ನಿಂತಿತು. ಯಾರೂ ಬಾಯಿ ಬಿಡಲಿಲ್ಲ. ಎಲ್ಲರೂ ಟೇಪು ಕೇಳುವವರ ಹಾಗೆ ಸುಮ್ಮನೆ ಕೇಳುತ್ತಿದ್ದರು. ಅಷ್ಟರಲ್ಲಿ ಅತ್ತೆ ಎದ್ದು ಹೆಂಗಸರ ಕಡೆ ತಿರುಗಿದರು. ಏಳಿ, ಹೇಳಿ ಎಂಬಂತೆ ಕೈಯೆತ್ತಿದರು. ಎರಡನೆಯ ಸೊಲ್ಲಿಗೆ ಇಡೀ ಚಪ್ಪರ ದನಿಗೂಡಿಸಿತು. ಮೊಮ್ಮಗಳು ಕಣ್ಣೊರೆಸಿಕೊಳ್ಳುತ್ತಾ ಹಸೆಗೆ ಬಂದಳು. ಅತ್ತೆಯ ತುಟಿಗಳೂ ಅಲುಗುತ್ತಿದ್ದವು...

ಅಂದು ಹಗ್ಗ ಏರಿದ್ದ ಕೌದಿಗಳಲ್ಲಿ ಈ ಒಂದನ್ನು ಆಮೇಲೆ ಅವರೇ ಲಾವಂಚ ಇಟ್ಟು ಮಡಿಸಿ ನನಗೆ ಕೊಟ್ಟಿದ್ದು. ಈಗ ಅವರಿಲ್ಲ.

ಮೊನ್ನೆ ಕೌದಿ ತೂಗುಹಾಕಿ, ನನ್ನ ಹಾಡು ಬದಿಗಿಟ್ಟು, ಅವರದ್ದನ್ನು ಹಚ್ಚಿದೆ. ಒಂದು ಸೊಲ್ಲು ಹೇಳಿ ಅತ್ತೆ ನಿಂತರು. ಅಂದು ಬೆರಳಿಟ್ಟು ಮುಚ್ಚಿಕೊಂಡಿದ್ದ ಬಾಯಿ ತೆರೆದು ನಾನು ಎತ್ತಿಕೊಂಡೆ. ಹಾಡು ಅರ್ಧಕ್ಕೇ ನಿಂತುಹೋಯಿತು. ಅತ್ತೆ ಕಾಯುವಷ್ಟು ಕಾದು, ಮುಂದಿನ ಸೊಲ್ಲು ಹಿಡಿದರು.