ಸಂತಾಪ ನಿರ್ಣಯದ ಎರಡನೆಯ ವಾಕ್ಯ

ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ನನ್ನ ಸ್ನೇಹಿತನ ಮರಣಕ್ಕೆ ಸಂಬಂಧಿಸಿದಂತೆ ನಾನು ಮೊದಲು ಸಿದ್ಧಪಡಿಸಿದ ಸಂತಾಪ ನಿರ್ಣಯದಲ್ಲಿ ಒಂದು ಸುಳ್ಳು ಇತ್ತು. ದೆಹಲಿಯಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಪತ್ರಗಳ ಕರಡು ತಯಾರಿಸುತ್ತಿರುವ ನನಗೆ ಬೇರೆ ಬಗೆಯ ಬರವಣಿಗೆ ಅಭ್ಯಾಸವಿಲ್ಲ. ಲೋಪಗಳಿದ್ದಲ್ಲಿ ಮನ್ನಿಸಬೇಕು.

ಆತ ಪತ್ರಕರ್ತ, ನನಗಿಂತ ಎಂಟು ವರ್ಷ ಚಿಕ್ಕವನು. ಘಾಜಿಯಾಬಾದ್‌ನ ಸಣ್ಣ ಫ್ಲ್ಯಾಟಿನಲ್ಲಿ ಒಬ್ಬನೇ ಇದ್ದ. ನನ್ನ ಮನೆ ವಸಂತ್ ಕುಂಜ್‌ನಲ್ಲಿ. ಭಾನುವಾರ ಬೆಳಿಗ್ಗೆ, ಎರಡೂ ಕಡೆಯಿಂದ ಮೆಟ್ರೋದಲ್ಲಿ ಬಂದು, ನಡುವೆ ಸಿಗುವ ಮಂಗಳೂರು ಕಡೆಯವರ ಹೋಟೆಲೊಂದರಲ್ಲಿ ಸೇರುತ್ತಿದ್ದೆವು. ಅವನು ಇಲಾಖೆಗಳಿಗೆ ಸಲ್ಲಿಸುವ ಅರ್ಜಿಗಳನ್ನು ನಾನು ತಿದ್ದಿಕೊಡುತ್ತಿದ್ದೆ. ನಮ್ಮ ಕನ್ನಡ ಕೂಟಕ್ಕೆ ನಾನು ಕಾರ್ಯದರ್ಶಿಯಾದುದರಿಂದ ಅವನು ನನ್ನನ್ನು ಹಾಗೆಯೇ ಕರೆಯುತ್ತಿದ್ದ.

“ಏನ್ ಕಾರ್ಯದರ್ಶಿಗಳೇ, ಇಷ್ಟೊಂದು ವಿನಯ ಯಾಕ್ರೀ? ಓದಿದ್ರೆ ನಾನೇ ಏನೋ ತಪ್ಪು ಮಾಡಿದೀನಿ ಅನ್ಸುತ್ತೆ.”

“ವಿನಯ ಇಲ್ದಿದ್ರೆ ಕಸದಬುಟ್ಟಿಗೆ ಹೋಗುತ್ತೆ ಮಾರಾಯ.”

“ಇದ್ರೂ ಅಲ್ಲಿಗೇ ಹೋಗೋದು. ಚಲೋ, ಇನ್ನೊಂದು ನೀರುದೋಸೆ ಹೇಳಿ.”

ಅವನು ಆಗ ಬೆನ್ನುಹತ್ತಿದ್ದುದು ಊರಂಚಿನ ಒಂದು ಕಾರ್ಖಾನೆಯನ್ನು. ಅಲ್ಲಿ ಒಂದೇ ವರ್ಷದಲ್ಲಿ ಮೂವರು ಕಾರ್ಮಿಕರು ತೀರಿಕೊಂಡಿದ್ದರು. ಕಾಗದಪತ್ರಗಳಲ್ಲಿ ಮೂವರಿಗೂ ಹೃದಯಾಘಾತವೆಂದೇ ಬರೆಯಲಾಗಿತ್ತು. ಅವನು ಆ ಮನೆಗಳಿಗೆ ಹೋಗಿ ಬಂದಿದ್ದ. “ಭಯ್ಯಾ, ಕಾಗದ ನಮಗೆ ಓದೋಕೆ ಬರಲ್ಲ. ಆದ್ರೆ ಅವರು ಆರು ತಿಂಗಳು ಕೆಮ್ಮಿ ಕೆಮ್ಮಿ ಹೋದ್ರು” ಎಂದು ಒಬ್ಬ ಹೆಂಗಸು ಹೇಳಿದ್ದನ್ನು ನನಗೆ ಎರಡು ಬಾರಿ ಹೇಳಿದ.

ದೀಪಾವಳಿಯ ನಂತರ ಅವನು ಕಿಟಕಿಯ ಪಕ್ಕ ಕೂರುವುದನ್ನು ಬಿಟ್ಟ. ಮೊಬೈಲನ್ನು ಗಲ್ಲಾದಲ್ಲಿ ಕೊಟ್ಟು ಒಳಗೆ ಬರುತ್ತಿದ್ದ. ಯಾರೋ ಫೋನ್ ಮಾಡುತ್ತಾರೆ, ಮಾತನಾಡದೆ ಇಡುತ್ತಾರೆ ಎಂದ. ಸಂಪಾದಕರು ವರದಿಯನ್ನು ವಕೀಲರ ಪರಿಶೀಲನೆಗೆ ಕಳುಹಿಸಿ ಸುಮ್ಮನಾಗಿದ್ದರು (ಅದು ಇಂದಿನವರೆಗೂ ಪ್ರಕಟವಾಗಿಲ್ಲ). ಹೊಗೆಮಂಜಿನಲ್ಲಿ ಎದುರಿನ ಅಂಗಡಿಯೇ ಕಾಣದಿದ್ದರೂ ಅವನು ಬಾಗಿಲಿಗೆ ಮುಖಮಾಡಿ ಕೂತು ಹೊರಗೇ ನೋಡುತ್ತಿದ್ದ. ದೋಸೆ ತಣ್ಣಗಾಗುತ್ತಿತ್ತು.

ಒಂದು ಭಾನುವಾರ, ಎರಡು ವರ್ಷಗಳ ಹಿಂದೆ ನಮ್ಮ ಮನೆಯಿಂದ ಒಯ್ದಿದ್ದ ಕುಕ್ಕರನ್ನು ಹೊಸ ಗ್ಯಾಸ್ಕೆಟ್ ಹಾಕಿಸಿ ತಂದುಕೊಟ್ಟ.

“ಅಡುಗೆಗೆ ಏನು ಮಾಡ್ತೀಯ?”

“ಒಬ್ಬನಿಗೆ ಏನ್ ಅಡುಗೆ? ಅತ್ತಿಗೆಗೆ ಥ್ಯಾಂಕ್ಸ್ ಹೇಳಿ.”

ಕೊನೆಗೂ ಇವನಿಗೆ ಸಾಮಾನು ಹಿಂದಿರುಗಿಸುವ ಬುದ್ಧಿ ಬಂತೆಂದು ನಾವು ಮನೆಯಲ್ಲಿ ನಕ್ಕೆವು.

ಮಂಗಳವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅವನ ಕರೆ ಬಂದಿತು. ನಾನು ಮೀಟಿಂಗ್‌ನಲ್ಲಿದ್ದೆ. ಕರೆಯನ್ನು ಕತ್ತರಿಸಿ, ‘ನಂತರ ಕರೆ ಮಾಡುತ್ತೇನೆ’ ಎಂದು ಮೊಬೈಲಿನಲ್ಲೇ ಸಿದ್ಧವಿರುವ ಸಂದೇಶವನ್ನು ಒತ್ತಿದೆ. ಮೀಟಿಂಗ್ ಮುಗಿಯಿತು, ಊಟವಾಯಿತು, ಕಡತಗಳು ಬಂದವು. ನನಗೆ ಮರೆತುಹೋಯಿತು. ಬುಧವಾರ ಮಧ್ಯಾಹ್ನ ಅವನ ಕಟ್ಟಡದ ಕಾವಲುಗಾರ ಫೋನ್ ಮಾಡಿದ. ನನ್ನ ಸ್ನೇಹಿತ ತನ್ನ ಜೀವವನ್ನು ತಾನೇ ಕೊನೆಗೊಳಿಸಿಕೊಂಡಿದ್ದ. ಕಾರಣ ಇದೇ ಎಂದು ಹೇಳಲು ನನ್ನ ಬಳಿ ಆಧಾರವಿಲ್ಲ.

ತುಮಕೂರಿನಿಂದ ಬಂದ ಅವನ ಅಕ್ಕ ಕಾರ್ಯಗಳನ್ನೆಲ್ಲ ಮುಗಿಸಿ ಹಿಂದಿರುಗಿದರು. ಕೂಟದ ಸಂತಾಪ ಸಭೆಯ ವಿಷಯ ತಿಳಿದಾಗ ಫೋನ್ ಮಾಡಿದರು.

“ಸರ್, ಹಾರ್ಟ್ ಅಟ್ಯಾಕ್ ಅಂತ ಬರೀರಿ. ಅಮ್ಮನಿಗೆ ಹಾಗೇ ಹೇಳಿದೀವಿ. ಜನ ಬಾಯಿಗೆ ಬಂದಂಗೆ ಆಡ್ತಾರೆ.”

ನಾನು ತಕ್ಷಣ ಒಪ್ಪಿದೆ. ಅದು ಅವರ ತಾಯಿಯ ಮೇಲಿನ ಕರುಣೆಯಿಂದ ಮಾತ್ರವಲ್ಲ. ಹೃದಯಾಘಾತವೆಂದರೆ, ಫೋನ್ ಏಕೆ ಎತ್ತಲಿಲ್ಲವೆಂದು ಯಾರೂ ನನ್ನನ್ನು ಕೇಳುವಂತಿರಲಿಲ್ಲ.

ಮರುದಿನ ಊಟದ ವಿರಾಮದಲ್ಲಿ ಕಚೇರಿಯಲ್ಲೇ ಟೈಪ್ ಮಾಡಲು ಕುಳಿತೆ. ಮೊದಲನೆಯ ವಾಕ್ಯ ಅವನ ಸೇವೆಯನ್ನು ಕುರಿತದ್ದು. ಎರಡನೆಯದು: ‘ಶ್ರೀಯುತರು ಹೃದಯಾಘಾತದಿಂದ ನಿಧನರಾದರೆಂದು ತಿಳಿಸಲು ವಿಷಾದಿಸುತ್ತೇವೆ.’ ಪೂರ್ಣವಿರಾಮ ಹಾಕಿದ ಮೇಲೆ ಆ ವಾಕ್ಯವನ್ನು ಮತ್ತೊಮ್ಮೆ ಓದಿದೆ. ಆ ಮೂವರ ಕಾಗದಗಳನ್ನೂ ಯಾವುದೋ ಕಚೇರಿಯಲ್ಲಿ, ಊಟದ ಡಬ್ಬಿ ಪಕ್ಕಕ್ಕಿಟ್ಟು, ನನ್ನಂಥವನೇ ಒಬ್ಬ ಟೈಪ್ ಮಾಡಿರಬೇಕು. ಅವನಿಗೂ ಯಾರೋ ಹೀಗೇ ಬರಿ ಎಂದಿರಬೇಕು. ಅವನೂ ಕೆಟ್ಟವನಾಗಿರಲಿಕ್ಕಿಲ್ಲ. ನನ್ನ ಸ್ನೇಹಿತ ಇಡೀ ಚಳಿಗಾಲ ಹುಡುಕಿದ್ದು ಆ ಮನುಷ್ಯನನ್ನು.

ಅಕ್ಕನಿಗೆ ಫೋನ್ ಮಾಡಿ, ನನ್ನಿಂದ ಹಾಗೆ ಬರೆಯಲಾಗುವುದಿಲ್ಲ ಎಂದೆ. ಕಾರಣವನ್ನೂ ಹೇಳಿದೆ.

“ಬರೀಬೇಡಿ ಹಾಗಾದ್ರೆ,” ಎಂದರು. “ಅಮ್ಮನಿಗೆ ನಾನೇ ಹೇಳ್ತೀನಿ. ಇವತ್ತಲ್ಲ.” ಮತ್ತೆ, “ನಿಮ್ಮ ಹತ್ರ ಏನಾದ್ರೂ ಹೇಳಿದ್ನಾ ಸರ್?”

ಮಂಗಳವಾರದ ಕರೆಯ ವಿಷಯ ತಿಳಿಸಿದೆ.

“ಎತ್ತಿದ್ರೆ?”

“ಗೊತ್ತಿಲ್ಲಮ್ಮ.”

ಅವರು ನನ್ನನ್ನು ಸಮಾಧಾನಪಡಿಸಲಿಲ್ಲ. “ನಿಜ ಬರೀತೀರಲ್ಲ. ಅದನ್ನೂ ಬರೀರಿ,” ಎಂದರು.

ಭಾನುವಾರ ಆ ಹೋಟೆಲಿನ ಮೇಲಿನ ಹಾಲ್‌ನಲ್ಲಿ ತಿದ್ದಿದ ನಿರ್ಣಯವನ್ನು ಓದಿದೆ. ಅವನು ತನ್ನ ಜೀವವನ್ನು ತಾನೇ ಕೊನೆಗೊಳಿಸಿಕೊಂಡನೆಂಬ ಎರಡನೆಯ ವಾಕ್ಯಕ್ಕೆ ಬಂದಾಗ ಯಾರೂ ತಲೆಯೆತ್ತಲಿಲ್ಲ. ಹಿರಿಯ ಸದಸ್ಯರೊಬ್ಬರು, “ಯಾಕಂತೆ? ಯಾರಿಗಾದ್ರೂ ಹೇಳಿಕೊಂಡಿರಲಿಲ್ವಾ?” ಎಂದರು.

“ಫೋನ್ ಮಾಡಿದ್ದ. ನಾನು ತೆಗೀಲಿಲ್ಲ,” ಎಂದೆ.

ಎರಡು ನಿಮಿಷ ಮೌನ ಆಚರಿಸಲಾಯಿತು. ಕೂಟದ ನಡಾವಳಿ ಪುಸ್ತಕದಲ್ಲಿ ನಿರ್ಣಯ ದಾಖಲಾಗಿದೆ. ಆ ಕರೆಯ ಬಗ್ಗೆ ನಾನು ಹೇಳಿದ ಮಾತಿಗೆ ಆ ಪುಸ್ತಕದಲ್ಲಿ ಅವಕಾಶವಿರಲಿಲ್ಲ. ಆದಕಾರಣ ಅದನ್ನು ಇಲ್ಲಿ ಬರೆದಿದ್ದೇನೆ.